ಫ್ಯಾನಿನ ಕೆಳಗಿನ ಕುರ್ಚಿ

ಶಶಿರೇಖಾ ದೊಡ್ಡವರಿಗೆ ಆಟ ಆಡಿಸಿ ಹೊಟ್ಟೆ ಹೊರೆಯುತ್ತಾಳೆ ಎಂದರೆ ನಮ್ಮ ಓಣಿಯಲ್ಲಿ ಇವತ್ತಿಗೂ ನಗುವವರಿದ್ದಾರೆ. ನಗಲಿ. ಪಕ್ಕದ ಮನೆಯವಳಾದ ನಾನೂ ಮೊದಲು ನಕ್ಕವಳೇ. ಕುರುಗೋಡಿನಿಂದ ಮದುವೆಯಾಗಿ ಬಳ್ಳಾರಿಗೆ ಬಂದವಳು, ಜೀನ್ಸ್ ಹೊಲಿಯುವ ಘಟಕಗಳಲ್ಲಿ ಕೂತೂ ಕೂತೂ ಸೊಂಟ ಹಿಡಿಸಿಕೊಂಡಳು. ಆಮೇಲೆ ಯಾವುದೋ ಸಂಸ್ಥೆಯವರ ತರಬೇತಿ ಪಡೆದು, ಈಗ ಘಟಕದಿಂದ ಘಟಕಕ್ಕೆ ಹೋಗಿ ‘ಅಜೈಲ್’ ಕಲಿಸುತ್ತಾಳೆ.

ಹಾಗೆಂದರೇನು ಎಂದು ಕೇಳಿದ್ದೆ. “ಏನಿಲ್ಲಕ್ಕ, ಸ್ವಲ್ಪ ಮಾಡೂದು, ನಿಂತು ನೋಡೂದು, ಎಲ್ಲಿ ತಪ್ಪೈತಿ ಅಂತ ಎಲ್ಲಾರೂ ಕೂಡಿ ಮಾತಾಡೂದು, ತಿದ್ಕೊಂಡು ಮತ್ತ ಮಾಡೂದು. ಭಾಷಣ ಮಾಡಿದ್ರ ಯಾರೂ ಕೇಳಂಗಿಲ್ಲ. ಆಡಿಸಿದ್ರ ಕೈಗೇ ತಿಳೀತೈತಿ” ಎಂದಳು.

ಅವಳ ಆಟ ಸರಳ. ಸಾಲಾಗಿ ಕೂತ ಹೆಂಗಸರು ದಾರ ಮುಗಿದ ಕೋನುಗಳನ್ನು ಕೈಯಿಂದ ಕೈಗೆ ದಾಟಿಸಬೇಕು. ನಡುವಿನ ಒಂದು ಕುರ್ಚಿಗೆ ಮಾತ್ರ ಎರಡು ಕಡೆಯಿಂದ ಮಾಲು ಬರುವಂತೆ, ಒಂದೇ ಕಡೆ ಹೋಗುವಂತೆ ಅವಳೇ ಬೇಕೆಂದು ಜೋಡಿಸಿರುತ್ತಾಳೆ. ಅಲ್ಲಿ ಯಾರು ಕೂತರೂ ಮಡಿಲಲ್ಲಿ ರಾಶಿ ಬೀಳುತ್ತದೆ. ಆಗ ತಪ್ಪು ಕಂಡವರು ಕೈ ಎತ್ತಬೇಕು. ಎಲ್ಲರೂ ಕೆಲಸ ನಿಲ್ಲಿಸಿ ಆ ಮಾತು ಕೇಳಬೇಕು, ಕೂತಿರುವ ರೀತಿಯನ್ನು ಬದಲಾಯಿಸಬೇಕು. ರಾಶಿ ಬಿದ್ದದ್ದು ಮನುಷ್ಯರ ತಪ್ಪಲ್ಲ, ಕೂರಿಸಿದ ರೀತಿಯ ತಪ್ಪು. ಆಟದ ತಿರುಳು ಇಷ್ಟೇ.

ಈ ಬೇಸಿಗೆಯಲ್ಲಿ ಸಿರುಗುಪ್ಪ ರಸ್ತೆಯ ಒಂದು ಘಟಕದಲ್ಲಿ ಆಡಿಸಿದಳು. ಆ ಕುರ್ಚಿಯಲ್ಲಿ ಕೂತವಳು ಸಂಗನಕಲ್ಲಿನ ಜಡೆಮ್ಮ. ಯಾಕೆ ಕೂತಳು? ಮೇಲೆ ಫ್ಯಾನ್ ಇತ್ತು, ಅದಕ್ಕೆ. ಬಳ್ಳಾರಿಯ ಬಿಸಿಲಿನಲ್ಲಿ ಯಾರಾದರೂ ಅಲ್ಲೇ ಕೂರುತ್ತಿದ್ದರು. ಗಂಡನಿಲ್ಲದ ಹೆಂಗಸು, ಮಗಳ ನರ್ಸಿಂಗ್ ಓದು ಇವಳ ಹೊಲಿಗೆ ಯಂತ್ರದ ಮೇಲೆ ನಿಂತಿದೆ. ಕೋನುಗಳು ರಾಶಿ ಬಿದ್ದಾಗ ಸೆರಗು ಹರಡಿ ಎಲ್ಲರಿಗಿಂತ ಹೆಚ್ಚು ನಕ್ಕವಳು ಅವಳೇ.

ಮಾಲೀಕ ವಿರೂಪಾಕ್ಷಿ ಅಷ್ಟನ್ನು ಮಾತ್ರ ಫೋನಿನಲ್ಲಿ ವಿಡಿಯೋ ಮಾಡಿಕೊಂಡು, ಏನೋ ಕರೆ ಬಂತೆಂದು ಎದ್ದುಹೋದ. ಉಳಿದರ್ಧ ಆಟ ನೋಡಲಿಲ್ಲ.

ಮರುದಿನ ಎರಡನೆಯ ಪಾಠಕ್ಕೆ ಶಶಿರೇಖಾ ಹೋದಾಗ ಜಡೆಮ್ಮ ಬುತ್ತಿ ಹಿಡಿದು ಗೇಟಿನ ಹೊರಗೆ ನಿಂತಿದ್ದಳು. ಇನ್ನು ಬರಬೇಡ ಎಂದು ಮಾಲೀಕ ಹೇಳಿದ್ದನಂತೆ. ಅವಳ ಯಂತ್ರದ ಮುಂದೆ, ಅಲ್ಲಿಯವರೆಗೆ ಹೊಲಿದ ಬಟ್ಟೆಯ ದಾರ ಕತ್ತರಿಸುತ್ತಿದ್ದ ಹೇಮಾಳನ್ನು ಕೂರಿಸಿದ್ದನಂತೆ.

“ಶಶಿ, ಆಟದಾಗ ಸೋತಿದ್ದಕ್ಕ ಕೆಲಸ ತಗೀತಾರೇನವ್ವ?” ಎಂದಳು ಜಡೆಮ್ಮ.

ಈ ಮಾತು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಎತ್ತಿಗೂ ಜ್ವರವಿರಲಿಲ್ಲ, ಅದು ಬರೀ ಆಟ.

ಶಶಿರೇಖಾ ನೇರ ಮಾಲೀಕನ ಕೋಣೆಗೆ ಹೋದಳು. ವಿರೂಪಾಕ್ಷಿ ಫೋನು ಮುಂದೆ ಹಿಡಿದ. “ನಿಮ್ಮ ಆಟಾನ ತೋರಿಸೇತಲ್ರಿ ಮೇಡಂ, ಮಾಲು ಯಾರ ಹತ್ರ ನಿಂತೈತಿ ನೋಡ್ರಿ.”

“ಆ ಕುರ್ಚಿ ನಾನ ಹಂಗ ಇಟ್ಟಿದ್ದೆರಿ. ಅಲ್ಲಿ ನೀವು ಕುಂತಿದ್ರೂ ನಿಲ್ತಿತ್ತು.”

“ಕುಣಿಯಾಕ ಬಾರದಾಕಿ ನೆಲ ಡೊಂಕು ಅಂದ್ಲಂತ” ಎಂದು ಅವನು ನಕ್ಕ.

ಶಶಿರೇಖಾ, ತಾನು ಕಲಿಸಿದ ಆಟವೇ ಒಬ್ಬಳ ಅನ್ನಕ್ಕೆ ಕಲ್ಲು ಹಾಕಿತಲ್ಲ ಎಂದು ಅಲ್ಲೇ ನಿಂತುಬಿಟ್ಟಳಂತೆ. ಅಷ್ಟರಲ್ಲಿ ಒಳಗೆ ಒಂದು ಯಂತ್ರದ ಸದ್ದು ನಿಂತಿತು. ಆಮೇಲೆ ಪಕ್ಕದ್ದು, ಅದರ ಪಕ್ಕದ್ದು. ವಿರೂಪಾಕ್ಷಿ ಓಡಿಹೋಗಿ ನೋಡಿದರೆ ಹೇಮಾ ಕೈ ಎತ್ತಿ ಕೂತಿದ್ದಾಳೆ. ಅವಳನ್ನು ನೋಡಿ ಲೈನಿನವರೆಲ್ಲ ಯಂತ್ರ ನಿಲ್ಲಿಸಿದ್ದಾರೆ. ಯಂತ್ರದ ಮುಂದೆ ಕೂರಬೇಕೆಂದು ವರ್ಷಗಟ್ಟಲೆ ಕಾದ ಹುಡುಗಿ ಅದು.

“ಏನಿದು? ಆಟ ನಿನ್ನೇನ ಮುಗೀತಲ್ಲ” ಎಂದ.

“ತಪ್ಪು ಕಂಡ್ರ ಕೈ ಎತ್ರಿ ಅಂತ ಮೇಡಂ ಅಂದಿದ್ರಲ್ಲ ಸಾವ್ಕಾರ್ರ” ಎಂದಳು ಹೇಮಾ. “ಇದು ಜಡೆಮ್ಮಕ್ಕನ ಜಾಗ. ನಾನು ಇಲ್ಲಿ ಕುಂತಿದ್ದ ತಪ್ಪು.”

ಮಧ್ಯಾಹ್ನ ಜೀನ್ಸ್ ತೊಳೆಯುವ ವಾಷಿಂಗ್ ಘಟಕಕ್ಕೆ ಮಾಲು ಹೋಗಬೇಕಿತ್ತು. ವಿರೂಪಾಕ್ಷಿ ಹೇಮಾಳ ಕೈ ಇಳಿದೀತೇ ಎಂದು ನೋಡಿದ. ಇಳಿಯಲಿಲ್ಲ. ಕೊನೆಗೆ ಜಡೆಮ್ಮನನ್ನು ಒಳಗೆ ಕರೆಸಿದ. ಒಳ್ಳೆಯತನದಿಂದ ಕರೆಸಿದ ಎಂದು ಯಾರೂ ಹೇಳಬೇಡಿ. ಒಂದು ಮಾತಿಗಾದರೂ ತಪ್ಪಾಯಿತು ಎನ್ನಲಿಲ್ಲ ಆ ಮನುಷ್ಯ.

ಕೆಲಸ ಉಳಿಯಿತಲ್ಲ ಬಿಡು ಎಂದೆ ನಾನು, ಆ ಸಂಜೆ ಕಟ್ಟೆಯ ಮೇಲೆ ಕೂತು ಶಶಿರೇಖಾ ಇದನ್ನೆಲ್ಲ ಹೇಳಿದಾಗ. ಅವಳು ತಲೆ ಅಲ್ಲಾಡಿಸಿದಳು.

“ಮಾಲು ಹೋದ ಮ್ಯಾಲ ಮತ್ತ ಆಟಕ್ಕ ಕರದೆ ಅಕ್ಕ. ಬೆಂಕಿಯಂಥಾ ಬಿಸಿಲು. ಫ್ಯಾನಿನ ಕೆಳಗಿನ ಕುರ್ಚಿಗೆ ಒಬ್ರೂ ಬರಲಿಲ್ಲ. ಜಡೆಮ್ಮಕ್ಕ ಎಲ್ಲಾರಿಗಿಂತ ಮೊದಲ ಹೋಗಿ, ಬಿಸಿಲು ಬೀಳೂ ಕಿಟಕಿ ಪಕ್ಕ ಕುಂತ್ಲು.”