ಕಲ್ಲು ಒಗೆದ ಕೈಗೆ ಸಕ್ಕರೆ

ನಾನು ಅಜ್ಜಿಯಾದೆ. ಮಸ್ಕಿಯ ನಮ್ಮ ಮನೆಯಲ್ಲಿಯೇ, ಇವತ್ತು ಹೊತ್ತು ಮೂಡುವ ಮುಂಚೆ, ನನ್ನ ಒಬ್ಬಳೇ ಮಗಳು ಗಂಡು ಹೆತ್ತಳು. ಕೂಸಿನ ಕಿವಿ ನೋಡಿದರೆ ಥೇಟ್ ಅದರ ಅಜ್ಜನ, ನನ್ನ ಯಜಮಾನರ, ಕಿವಿ. ನನ್ನ ಓದು ಅಷ್ಟಕ್ಕಷ್ಟೇ, ಅಕ್ಷರ ಕೂಡಿಸಿ ಕೂಡಿಸಿ ಬರೆಯುವವಳು. ಆದರೂ ಈ ಸಂತೋಷ ಹೊಟ್ಟೆಯಲ್ಲಿ ನಿಲ್ಲದೆ ಬರೆಯುತ್ತಿದ್ದೇನೆ. ಮೊದಲು ಯಾರಿಗೆ ಹೇಳಬೇಕಿತ್ತೋ ಅವರು ಮಾತ್ರ ಇಲ್ಲ.

ನನ್ನ ಯಜಮಾನರು ಊರೂರು ತಿರುಗಿ ಯೇಸುಸ್ವಾಮಿಯ ಮಾತು ಹೇಳುತ್ತಿದ್ದರು. ನಿಜಾಮನ ಆಳ್ವಿಕೆ ಹೋದ ಮರುವರ್ಷ ತುರ್ವಿಹಾಳದ ಕಡೆಯ ಒಂದು ಹಳ್ಳಿಯಲ್ಲಿ, ನಮ್ಮದೇ ಬಳಗದವರ ಕೇರಿಯಲ್ಲಿ, ಬೇವಿನ ಕಟ್ಟೆಯ ಮೇಲೆ ಕುಳಿತು ಸತ್ಯವೇದದ ಒಬ್ಬ ಸೇವಕನ ಕಥೆ ಹೇಳಿದರು. ವಿಧವೆಯರಿಗೆ ಊಟ ಬಡಿಸುವ ಕೆಲಸ ಅವನದು. ದೇವರ ಮಾತು ಹೇಳಿದನೆಂದು ಜನ ಅವನನ್ನು ಊರ ಹೊರಗೆ ಎಳೆದೊಯ್ದು ಕಲ್ಲು ಒಗೆದು ಕೊಂದರು. ಕೊಂದವರ ಮೇಲೆ ಈ ಪಾಪ ಹೊರಿಸಬೇಡವೆಂದು ಬೇಡಿಕೊಂಡು ಅವನು ಸತ್ತ. ಅಲ್ಲಿಗೆ ಕಥೆ ಮುಗಿಯಿತು.

ಕೇಳುತ್ತಿದ್ದವರು ಏಳಲಿಲ್ಲ. ನಮ್ಮ ಕಡೆ ಭಕ್ತರ ಕಥೆಯೆಂದರೆ ಕೊನೆಗೆ ಶಿವನೇ ಬಂದು ಸತ್ತವರನ್ನು ಎಬ್ಬಿಸಬೇಕು, ಆಮೇಲೆಯೇ ಮಂಗಳಾರತಿ. ಸತ್ತವನನ್ನು ಸತ್ತಲ್ಲಿಯೇ ಬಿಟ್ಟು ಕಥೆ ಮುಗಿಸಿದರೆ ಆ ಸಾವು ಕೇಳಿದವರ ಮನೆ ಹೊಗುತ್ತದೆಂದು ಆ ಕೇರಿಯವರ ನಂಬಿಕೆ. ಒಬ್ಬ ವಿಧವೆ ಎದ್ದು, ನಿಮ್ಮ ದೇವರು ಬಂದು ಎಬ್ಬಿಸಿದನೋ ಇಲ್ಲವೋ ಎಂದು ಕೇಳಿದಳಂತೆ. ಇವರು ಇಲ್ಲವೆಂದರು.

ಅದೇ ವಾರ ಕೇರಿಗೆ ವಾಂತಿಭೇದಿ ಬಂತು. ಆ ವಿಧವೆಯ ಒಬ್ಬನೇ ಮಗ ಹೋದ. ಸಮಾಧಾನ ಹೇಳಲು ಹೋದ ಇವರ ಮೇಲೆ ಮೊದಲ ಕಲ್ಲು ಬಿದ್ದದ್ದು ಆಕೆಯ ಕೈಯಿಂದಲೇ. ಉಳಿದವರು ಸಿಕ್ಕಿದ್ದು ಒಗೆದರು. ಚಕ್ಕಡಿಯಲ್ಲಿ ಮಲಗಿಸಿ ಲಿಂಗಸುಗೂರಿನ ದವಾಖಾನೆಗೆ ಒಯ್ದೆವು. ತಲೆಯ ಗಾಯ ಮಾಯಲೇ ಇಲ್ಲ.

ಮಗಳು ಆಗ ಇನ್ನೂ ಲಂಗದ ಹುಡುಗಿ. ಅಪ್ಪನ ಗಾಯಕ್ಕೆ ಮುತ್ತುವ ನೊಣ ಓಡಿಸುತ್ತಾ ಸಿಟ್ಟಿನಿಂದ ಕೇಳಿದಳು. "ಅವ ಎದ್ದು ಕುಂತ ಅಂದಿದ್ರ ನಿನ್ನ ಗಂಟೇನು ಹೋಗ್ತಿತ್ತಪ್ಪ?"

"ಇಲ್ಲದ್ದು ಹೆಂಗ ಹೇಳ್ಲಿ ತಂಗಿ?" ಎಂದರು.

ಜೋಳ ತೆನೆ ಕಟ್ಟುವ ಹೊತ್ತಿಗೆ ಹೋಗಿಬಿಟ್ಟರು. ಅಲ್ಲಿಂದ ಮಗಳು ಮನೆಯಲ್ಲಿ ಆ ಕಥೆಯನ್ನು ಎತ್ತಗೊಡಲಿಲ್ಲ. ಚರ್ಚಿನಲ್ಲಿ ಅದನ್ನು ಓದಿದರೆ ಎದ್ದು ಹೊರಗೆ ಹೋಗುವಳು.

ಇವತ್ತು ಮಸ್ಕಿ ಸಂತೆ. ಕೂಸು ಹುಟ್ಟಿದ ಸಕ್ಕರೆ ಹಂಚುವಾಗ ಚಾಚಿದ ಕೈಯನ್ನು ದಾಟಿ ಹೋಗುವಂತಿಲ್ಲ. ಮುಖ ನೋಡದೆ ಸಿಕ್ಕ ಸಿಕ್ಕ ಕೈಗೆ ಹಾಕುತ್ತಾ ನಡೆದೆ. ಒಂದು ಒಣಗಿದ ಕೈಗೆ ಹಾಕಿ ತಲೆ ಎತ್ತಿದರೆ, ಆಕೆ, ಆ ವಿಧವೆ. ಏನು ಸಂತೋಷವೆಂದು ಕೇಳಿದಳು, ಹೇಳಿದೆ. ಸಕ್ಕರೆ ಬಾಯಿಗೆ ಹಾಕಿಕೊಳ್ಳದೆ, ಮುಷ್ಟಿ ಮುಚ್ಚಿಕೊಂಡು, ನನ್ನ ಹಿಂದೆಯೇ ಮನೆತನಕ ಬಂದು ಬಾಣಂತಿಯ ಕೋಣೆಯ ಹೊಸ್ತಿಲಲ್ಲಿ ನಿಂತಳು. ಮಗಳು ಗುರುತು ಹಿಡಿದು ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು.

"ಯಾಕ ಬಂದೀಬೇ?"

"ಮೊದಲ ಕಲ್ಲು ಒಗದಾಕಿ ನಾ," ಎಂದಳು ಮುದುಕಿ. "ಕತಿಯಾಗಿನವ ಸಾಯೂ ಮುಂದ ಏನೋ ಬೇಡಿಕೊಂಡ ಅಂತ ನಿಮ್ಮಪ್ಪ ಹೇಳಿದ್ದ. ಮಗ ಹೋದ ದುಃಖದಾಗ ಅದು ಮರ್ತು ಹೋಗೈತಿ. ಅದೊಂದು ಹೇಳವ್ವ."

ನಾನು ಹೇಳಬಹುದಿತ್ತು. ಆದರೆ ಆಕೆ ಕೇಳಿದ್ದು ನನ್ನನ್ನಲ್ಲ. ಮಗಳು ಗೋಡೆಯ ಕಡೆ ಹೊರಳಿದಳು. ಕೂಸು ಅತ್ತಿತು, ಮೊಲೆಗೆ ಹಚ್ಚಿದಳು. ಅದು ಕುಡಿದು ಮಲಗಿದ ಮೇಲೆ, ಹೊಸ್ತಿಲ ಕಡೆ ನೋಡದೆಯೇ ಬಾಯಿ ಬಿಟ್ಟಳು.

"ಈ ಪಾಪ ಇವರ ಮ್ಯಾಲ ಹೊರಿಸಬ್ಯಾಡಪ್ಪ ಅಂದ. ಅಷ್ಟ."

ಮುದುಕಿ ಗೋಡೆ ಹಿಡಿದು ಕುಳಿತಳು. ಮಗಳು ಕೂಸಿಗೆ ಹೊದಿಸಿ, "ಅವ್ವ, ಸಂಜಿಗೆ ಈಕಿಗೂ ಉಣ್ಣಾಕ ಒಂದು ಗಂಗಾಳ ಇಡು," ಎಂದಳು.

ಸಂಜೆ ಸಿಂಧನೂರಿನ ಬಸ್ಸಿಗೆ ಅಳಿಯ, ಬೀಗರು, ಬೀಗಿತಿ ಬಂದರು. ಬೀಗರು ಕೂಸನ್ನು ನೋಡಿ, "ಕಿವಿ ಮೊರದಂಗ ಅದಾವಲ್ರೀ, ಯಾರ ಆಸ್ತಿ ಇದು?" ಎಂದು ಚೇಷ್ಟೆ ಮಾಡಿದರು. ನಾನು ಗಂಗಾಳ ಎಣಿಸಲು ಎದ್ದೆ. ಗಂಗಾಳ ಸಾಲದೆ, ಮೇಲೆ ಇಟ್ಟಿದ್ದ ಯಜಮಾನರದನ್ನು ಇಳಿಸಿ ತೊಳೆದು ಮುದುಕಿಯ ಮುಂದೆ ಇಟ್ಟೆ. ಬಾಣಂತಿ ಹೊಸ್ತಿಲ ಒಳಗೆ, ನಾವೆಲ್ಲ ಹೊರಗೆ. ಸಿಹಿಗೆಂದು ಮಾಡಿದ ಸಜ್ಜಕ ತಳ ಹಿಡಿದಿತ್ತು. ಎಲ್ಲರೂ ಕೂಡಿ ಉಂಡೆವು.