ಎಂಟು ಎಂದು ಓದಿದ್ದು

ತೋರಣಗಲ್ಲಿನಲ್ಲಿ ನಮ್ಮ ಖಾನಾವಳಿ ರಸ್ತೆಗೆ ತಾಗಿಯೇ ಇತ್ತು. ಮನೆಯ ಮುಂದಿನ ಕೋಣೆ, ಮೂರು ಬೆಂಚು, ಬಾಗಿಲಿನಿಂದ ಒಂಬತ್ತು ಅಡಿ ಒಳಗೆ ಒಲೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು, ನಾನು ಬಡಿಸುತ್ತಿದ್ದೆ. ಉಕ್ಕಿನ ಕಾರ್ಖಾನೆಯ ಯಾವ ಶಿಫ್ಟಿನವರು ಎಷ್ಟು ಜನ ಉಂಡರು, ಎಷ್ಟು ರೊಟ್ಟಿ ಮಿಕ್ಕವು ಎಂದು ದಿನವೂ ನೋಟ್‌ಬುಕ್ಕಿನಲ್ಲಿ ಬರೆಯುವುದು ನನ್ನ ಅಭ್ಯಾಸ. ಅವ್ವನಿಗೆ ಓದು ಬಾರದು. ನಾನು ಓದಿ ಹೇಳಿದ ಲೆಕ್ಕದ ಮೇಲೆಯೇ ಮರುದಿನದ ಹಿಟ್ಟು ಅಳೆಯುತ್ತಿದ್ದಳು.

ಆ ಮಂಗಳವಾರ ಅವಳು ಕಂಪ್ಲಿಗೆ, ತವರಿಗೆ ಹೋಗಿದ್ದಳು. ರಸ್ತೆ ಅಗಲ ಮಾಡುವವರು ಟೇಪು ಹಿಡಿದು ಬಂದು ನಮ್ಮ ಮನೆಯ ಮಗ್ಗುಲ ಗೋಡೆಯ ಮೇಲೆ ಕೆಮ್ಮಣ್ಣಿನ ಗೆರೆ ಎಳೆದರು. ಅಲ್ಲಿಯ ತನಕ ಒಡೆಯುತ್ತಾರೆ. ಅವರು ಹೋದ ಮೇಲೆ ನಾನೂ ಅಳೆದು ಬರೆದುಕೊಂಡೆ: ಬಾಗಿಲಿನಿಂದ ಹನ್ನೊಂದು ಅಡಿ. ಒಲೆ ಹೋಗುವ ಪಾಲಿಗೆ ಬಿದ್ದಿತ್ತು.

ಗುರುವಾರ ನಾನು ನೀರಿಗೆ ಹೋಗಿ ಬರುವಷ್ಟರಲ್ಲಿ ಅವ್ವ ಊರಿಂದ ಬಂದವಳೇ ಗೋಡೆ ತೊಳೆದಿದ್ದಳು. ಅದು ಅದಿರಿನ ಲಾರಿಗಳ ರಸ್ತೆ. ವಾರಕ್ಕೊಮ್ಮೆ ತೊಳೆಯದಿದ್ದರೆ ಸುಣ್ಣದ ಬಿಳುಪು ಕಾಣುವುದಿಲ್ಲ.

"ಇಲ್ಲೊಂದು ಗೆರಿ ಇತ್ತಲ್ಲವ್ವಾ?"

"ಯಾವ ಗೆರಿ? ಕೆಂಪಗಿದ್ದದ್ದೆಲ್ಲಾ ಧೂಳಂತ ತಿಕ್ಕೀನಿ."

ವಿಷಯ ಹೇಳಿದೆ. ತೆಂಗಿನ ನಾರು ಹಿಡಿದೇ ಕುಳಿತುಬಿಟ್ಟಳು. "ಒಲಿ ಉಳೀತದೇನು?" ಎಂದಳು. ನೋಡಬೇಕು ಎಂದೆ.

ಊಟಕ್ಕೆ ಬಂದ ಗುತ್ತಿಗೆ ಕೆಲಸಗಾರನೊಬ್ಬ ನಕ್ಕ. "ಅವ್ವಾರ, ನನ್ನ ಅಂಗಿನೂ ತೊಳದು ಕೊಡ್ರಿ. ಸರ್ಕಾರದ ಗೆರೀನ ತಗದೀರಿ, ಇದ್ಯಾವ ಲೆಕ್ಕ!"

ಶನಿವಾರ ಅಳತೆಯವನೊಬ್ಬ ಗುರುತು ನೋಡಲು ಮತ್ತೆ ಬಂದ. ಅಳತೆಯ ಕಾಗದ ತಂದಿರಲಿಲ್ಲ; ಗೆರೆ ಎಲ್ಲಿ ಎಂದು ಕೇಳಿದ.

"ನಾನಾ ತೊಳದೀನ್ರಿ, ತಪ್ಪಾತು," ಎಂದಳು ಅವ್ವ. "ನನ್ನ ಮಗಳು ಎಲ್ಲಾ ಬರದಿಡ್ತಾಳ. ಅಕೀನ್ನ ಕೇಳ್ರಿ."

ಪುಟ ತೆರೆದೆ. ಹನ್ನೊಂದು ಎಂದಿದ್ದುದನ್ನು ನೋಡುತ್ತಲೇ ಎಂಟು ಎಂದು ಓದಿದೆ. ಆತ ಎಂಟಡಿಗೆ ಗೆರೆ ಎಳೆದು ಹೋದ. ಅವ್ವ ಒಲೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಮುಂದಿನ ವಾರಗಳಲ್ಲಿ ನಮ್ಮ ಸಾಲಿನವರೆಲ್ಲ ಹಿತ್ತಲಿಗೆ ತಗಡು ಹೊದಿಸಿ ಒಲೆ ಹಾಕಿಕೊಂಡರು. ನಾವೂ ಹಾಕೋಣ ಎಂದು ಎರಡು ಸಲ ಹೇಳಿದೆ. ಯಾಕೆಂದು ಮಾತ್ರ ನಾನು ಹೇಳಲಿಲ್ಲ.

"ಎಂಟು ಅಂತ ನೀನಾ ಓದೀಯಲ್ಲಲೇ, ಮತ್ಯಾಕ ಅಂಜಿಕಿ?" ಎಂದಳು ಅವ್ವ.

ಜೆಸಿಬಿ ಬಂದ ಬೆಳಿಗ್ಗೆ ಒಲೆ ಉರಿಯುತ್ತಿತ್ತು. ಜೊತೆಗೆ ಬಂದ ಅಧಿಕಾರಿ ಗೋಡೆಯನ್ನು ನೋಡಲೇ ಇಲ್ಲ. ಕೈಯಲ್ಲಿದ್ದ ಕಾಗದ ನೋಡಿ ಹನ್ನೊಂದು ಅಡಿ ಎಂದರು.

"ಅಲ್ರಿ, ಎಂಟು," ಎಂದು ಅವ್ವ ನನ್ನ ಕಡೆ ತಿರುಗಿದಳು. "ಓದಿ ಹೇಳಲೇ ಅವರಿಗೆ."

ಈ ಸಲ ಇದ್ದದ್ದನ್ನೇ ಓದಿದೆ.

ಅವ್ವ ಒಲೆಗೆ ಕೊಡದಲ್ಲಿದ್ದ ನೀರು ಸುರಿದು, ಹಂಚನ್ನೂ ನಾದಿದ ಹಿಟ್ಟನ್ನೂ ಎತ್ತಿಕೊಂಡು ಹೊರಗೆ ಬಂದಳು. ಪಾಳಿ ಮುಗಿಸಿ ಬಂದವರು ಸ್ವಲ್ಪ ಹೊತ್ತು ನಿಂತು ನೋಡಿ ಬಸ್ಸಿನ ಕಡೆ ನಡೆದರು.

ಹಿತ್ತಲಲ್ಲಿ ಹೊಸ ಒಲೆ ಹೊತ್ತಲು ಹತ್ತೊಂಬತ್ತು ದಿನ ಹಿಡಿಯಿತು. ಈಗ ಅಲ್ಲಿಯೇ ನಡೆಸುತ್ತೇವೆ. ಸಂಜೆ ಮಿಕ್ಕ ರೊಟ್ಟಿ ಎಣಿಸಿ, ಬರೆದು, ಓದಿ ಹೇಳುತ್ತೇನೆ. ಅವ್ವ ಹೂಂ ಅನ್ನುತ್ತಾಳೆ. ಆಮೇಲೆ ಬುಟ್ಟಿ ಎಳೆದುಕೊಂಡು ತಾನೇ ಇನ್ನೊಮ್ಮೆ ಎಣಿಸುತ್ತಾಳೆ.