ನೀಲಿ ಮೊಟ್ಟೆಯೊಳಗಿನ ರಾಜಕುಮಾರ

ಯಾರ ಕೈ ಹಿಡಿದರೂ ಆಂಟಿಯ ಹೆಬ್ಬೆರಳು ತಾನಾಗಿಯೇ ಮೊಣಕೈ ಒಳಮಡಿಕೆಗೆ ಜಾರಿ ಮೆಲ್ಲಗೆ ನರ ಹುಡುಕುತ್ತಿತ್ತು. ನಾನು ಮದುವೆಯಾಗಿ ಅಮೆರಿಕದ ರೆಸ್ಟನ್ನಿಗೆ ಬಂದ ಹೊಸದರಲ್ಲಿ, ಪಕ್ಕದ ಮನೆಯ ಆಂಟಿ ನನ್ನನ್ನು ಮಾತಾಡಿಸಲು ಬಂದಾಗಲೂ ಹಾಗೇ ಆಯಿತು. "ನಿನ್ನ ನರ ಚೆನ್ನಾಗಿದೆ ಕಣೆ" ಎಂದು ನಕ್ಕರು. ಮೈಸೂರಿನಲ್ಲಿ ಓದಿ ಬಹಳ ಹಿಂದೆಯೇ ಇಲ್ಲಿ ನೆಲೆನಿಂತ ಮಕ್ಕಳ ಡಾಕ್ಟರು. ಕಸುಬಿನ ಅಭ್ಯಾಸವಿರಬೇಕು ಅಂದುಕೊಂಡೆ.

ನನಗೆ ಕಾರು ಓಡಿಸಲು ಕಲಿಸಿದವರೂ ಅವರೇ. "ಮಿರರ್ ಇರೋದು ಹಿಂದಿನ ಕಾರು ನೋಡೋಕೆ, ನಿನ್ನ ಕುಂಕುಮ ನೋಡೋಕಲ್ಲ!" ಎಂದು ಬೈಯುತ್ತಿದ್ದರು.

ನರ ಹುಡುಕುವ ಅಭ್ಯಾಸ ಮಗನಿಂದ ಬಂದದ್ದೆಂದು ಗೊತ್ತಾದದ್ದು ಸಲಿಗೆ ಬೆಳೆದ ಮೇಲೆ. ಅವರ ಒಬ್ಬನೇ ಮಗನಿಗೆ ಹುಟ್ಟಿನಿಂದ ಹಿಮೋಫಿಲಿಯಾ. ಅವನ ರಕ್ತ ಹೆಪ್ಪುಗಟ್ಟುತ್ತಿರಲಿಲ್ಲ. ಬೇರೆಯವರ ರಕ್ತದಿಂದ ತಯಾರಿಸಿದ ಔಷಧಿಯನ್ನು ಆಂಟಿ ಮನೆಯಲ್ಲಿ ತಾವೇ ಚುಚ್ಚುತ್ತಿದ್ದರು. ಅದರ ಬಲದಿಂದ ಹುಡುಗ ಈಜಿದ, ಸೈಕಲ್ ಹೊಡೆದ. ಆ ಔಷಧಿಯಲ್ಲಿ ಎಚ್‌ಐವಿ ಇತ್ತೆಂದು ಗೊತ್ತಾಗುವ ಹೊತ್ತಿಗೆ ಅದು ಅವನ ಮೈಸೇರಿಯಾಗಿತ್ತು.

ಕನ್ನಡದವರ ಹಬ್ಬದೂಟಗಳಲ್ಲಿ ಯಾರಾದರೂ ವಿಚಾರಿಸಿದರೆ "ಲಿವರ್ ಪ್ರಾಬ್ಲಂ" ಎನ್ನುತ್ತಿದ್ದರು. ನನಗೆ ಮಾತ್ರ, "ನಿಜ ಹೇಳಿದ್ರೆ ಇವ್ರು ನನ್ನ ಮಗೂಗೆ ತಟ್ಟೆ ಬೇರೆ ಇಡ್ತಾರೆ ಕಣೆ" ಎಂದಿದ್ದರು.

ಕಾಲೇಜು ಬಿಟ್ಟು ಮನೆಯಲ್ಲಿದ್ದ ಹುಡುಗ ಒಂದು ದಿನ, ರಿಚ್ಮಂಡಿನ ಮ್ಯೂಸಿಯಮ್ಮಿಗೆ ಹೋಗಬೇಕೆಂದು ಹಟ ಹಿಡಿದ. ರಷ್ಯಾದ ಕೊನೆಯ ಚಕ್ರವರ್ತಿ ತನ್ನ ರಾಣಿಗೆಂದು ಈಸ್ಟರ್ ಹಬ್ಬಕ್ಕೆ ಮಾಡಿಸಿದ ರತ್ನದ ಮೊಟ್ಟೆ ಅಲ್ಲಿತ್ತು. ಆ ರಾಣಿಯ ಮಗನಿಗೂ ಹಿಮೋಫಿಲಿಯಾ ಇತ್ತು. ಆಂಟಿಗೆ ಇಷ್ಟವಿರಲಿಲ್ಲ. "ಅಮ್ಮ, ಪ್ಲೀಸ್. ನಂಗೆ ನೋಡ್ಬೇಕು. ಐ ಡೋಂಟ್ ಹ್ಯಾವ್ ಲಾಂಗ್" ಅಂದ. ಆಂಟಿ ಕೋಟು ತೊಟ್ಟರು. ಅವರು ಹಿಂದಿನ ಸೀಟಿನಲ್ಲಿ ಅವನ ತಲೆಯನ್ನು ಭುಜಕ್ಕೊರಗಿಸಿಕೊಂಡು ಕೂತರು. ಕಾರು ನಾನು ಓಡಿಸಿದೆ.

ಗಾಜಿನ ಪೆಟ್ಟಿಗೆಯಲ್ಲಿ ಗಾಢ ನೀಲಿ ಕಲ್ಲಿನ ಮೊಟ್ಟೆ, ಮೈತುಂಬ ಚಿನ್ನದ ಬಳ್ಳಿ. ಪಕ್ಕದಲ್ಲೇ, ಮೊಟ್ಟೆಯೊಳಗೆ ಅಡಗಿಸಿಡಲೆಂದು ಮಾಡಿದ, ವಜ್ರ ಕೂರಿಸಿದ ಎರಡು ತಲೆಯ ಹದ್ದು. ಅದರ ನಡುವೆ ಪುಟ್ಟ ರಾಜಕುಮಾರನ ಚಿತ್ರ.

"ನಮ್ಮ ಗಂಡಭೇರುಂಡದ ಥರಾನೇ ಇದೆ ನೋಡೋ" ಎಂದರು ಆಂಟಿ, ದನಿ ಹಗುರ ಮಾಡಿಕೊಂಡು.

ಹುಡುಗ ವೀಲ್‌ಚೇರನ್ನು ತಾನೇ ತಳ್ಳಿಕೊಂಡು ಪೆಟ್ಟಿಗೆಯ ಹಿಂದಕ್ಕೆ ಹೋದ. ಅಲ್ಲಿಂದ ಕರೆದ: "ಅಮ್ಮ, ಇಲ್ಲಿ ಬಾ. ಹಿಂದೆ ಅವನ ಬೆನ್ನು ಇದೆ!" ನಿಜ. ಚಿತ್ರದ ಮುಂಭಾಗದಲ್ಲಿ ಮಗುವಿನ ಮುಖ, ಹಿಂಭಾಗದಲ್ಲಿ ಅದೇ ಮಗುವಿನ ಬೆನ್ನು. ಹುಡುಗ ಅಷ್ಟು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಆಂಟಿ ಹೋಗಿ ಅವನ ಹೆಗಲ ಮೇಲೆ ಕೈಯಿಟ್ಟು ನಿಂತರು.

ಆಮೇಲೆ ಅವನು ಕಾರಿನಲ್ಲಿ ನಿದ್ದೆ ಹೋದಾಗ, ಪಾರ್ಕಿಂಗ್ ಲಾಟಿನಲ್ಲಿ ನನ್ನ ಪಕ್ಕ ನಿಂತು ಹೇಳಿದರು: "ಆ ರಾಣಿ ಹತ್ರ ಔಷಧಿ ಇರ್ಲಿಲ್ಲ. ನನ್ನ ಹತ್ರ ಇತ್ತು. ನಾನೇ ಚುಚ್ಚಿದೆ ಕಣೆ, ಈ ಕೈಯಲ್ಲೇ."

"ನಿಮಗೆ ಗೊತ್ತಿರ್ಲಿಲ್ವಲ್ಲ ಆಂಟಿ" ಎಂದೆ.

"ಅದನ್ನ ಎಲ್ರೂ ಹೇಳ್ತಾರೆ" ಎಂದು ಹೋಗಿ ಮಗನ ಪಕ್ಕ ಕೂತರು.

ಆ ಚಳಿಗಾಲ ಅವನು ಹೋದ. ಮುಂದಿನ ವರ್ಷ ಎಚ್‌ಐವಿಗೆ ಹೊಸ ಮಾತ್ರೆಗಳು ಬಂದು, ಆಸ್ಪತ್ರೆಯಲ್ಲಿ ಸಾವಿಗೆ ಕಾದು ಮಲಗಿದ್ದವರು ಎದ್ದು ಮನೆಗೆ ಹೋಗತೊಡಗಿದರು. ಆ ಸುದ್ದಿಯನ್ನು ನನಗೆ ಹೇಳಿದ್ದು ಆಂಟಿಯೇ, ತಮ್ಮ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಾ. "ತುಂಬಾ ಚೆನ್ನಾಗಿ ಕೆಲಸ ಮಾಡ್ತಿದ್ಯಂತೆ. ಒಳ್ಳೇದಾಯ್ತು, ಅಲ್ವಾ?"

ಅವರು ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತಿದ್ದರು.